ಮಕ್ಕಳ ಜೊತೆ ಉದಕಮಂಡಲಕ್ಕೆ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಕಾಫಿ ಲೋಟದ ಜೊತೆಗೇ ಒಂದು ಪ್ರಶ್ನೆಯೂ ಮೇಜಿನ ಮೇಲೆ ಬಂದು ಕೂರುತ್ತದೆ. "ಈ ಸಲ ರಜಕ್ಕೆ ಮಕ್ಕಳನ್ನ ಎಲ್ಲಿಗೆ ಕರಕೊಂಡು ಹೋಗ್ತೀರಿ?" ಹತ್ತರಲ್ಲಿ ಆರು ಮಂದಿ ಊಟಿ ಎನ್ನುತ್ತಾರೆ. ಬೆಂಗಳೂರಿಗೂ ಮೈಸೂರಿಗೂ ಉದಕಮಂಡಲ ಅಷ್ಟು ಹತ್ತಿರದ ಗಿರಿನಗರ. ನಮ್ಮ ಅಪ್ಪ ಅಮ್ಮಂದಿರು ಮದುವೆಯಾದ ಹೊಸದರಲ್ಲಿ ಅಲ್ಲಿ ನಿಂತು ತೆಗೆಸಿಕೊಂಡ ಫೋಟೋ ಬಹಳ ಮನೆಗಳ ಗೋಡೆಯ ಮೇಲೆ ಈಗಲೂ ಇದೆ. ಇಷ್ಟು ಪರಿಚಯದ ಊರಿಗೆ ಹೋಗಿಬರಲು ಯೋಜನೆ ಏನು ಮಹಾ ಬೇಕು ಎಂದು ತಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. 2022ರ ಮೇ ತಿಂಗಳಲ್ಲಿ ಒಂದು ರಾತ್ರಿ ಕಳೆಯುವ ತನಕ.

ನನ್ನ ವೃತ್ತಿ ತಮಗೆ ಗೊತ್ತೇ ಇದೆ. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಣ ಮಾಡುವವರಿಗೆ ಒಂದು ಕಾಯಿಲೆ ಇರುತ್ತದೆ. ಒಂದು ದಿನದ ಬಾಡಿಗೆಗೆ ಕ್ಯಾಮೆರಾ ತಂದರೆ ಆ ದಿನದಲ್ಲಿ ಎಷ್ಟು ದೃಶ್ಯ ಹಿಡಿಯಬಹುದೋ ಅಷ್ಟನ್ನೂ ಹಿಡಿಯಲೇಬೇಕು. ಆ ಸಲ ನಮ್ಮ ಪ್ರವಾಸಕ್ಕೂ ನಾನು ಅಂಥದೇ ಪಟ್ಟಿ ತಯಾರಿಸಿದೆ. ಎರಡು ದಿನ, ಎಂಟು ಜಾಗ. ಬೆಳಿಗ್ಗೆ ಎಂಟಕ್ಕೆ ಸಸ್ಯೋದ್ಯಾನ, ಹತ್ತಕ್ಕೆ ಗುಲಾಬಿ ತೋಟ, ಹನ್ನೊಂದೂವರೆಗೆ ದೊಡ್ಡಬೆಟ್ಟ, ಮಧ್ಯಾಹ್ನ ಸರೋವರದಲ್ಲಿ ದೋಣಿ, ಹೀಗೆ. ಊಟಕ್ಕೆ ನಲವತ್ತು ನಿಮಿಷ ಇಟ್ಟಿದ್ದೆ. ನಮ್ಮ ಮನೆಯವರು ಪಟ್ಟಿ ನೋಡಿ, "ಇದರಲ್ಲಿ ಮಕ್ಕಳು ಬಾತ್‌ರೂಮಿಗೆ ಹೋಗೋ ಹೊತ್ತು ಎಲ್ಲಿದೆ?" ಎಂದರು. ನಾನು ನಕ್ಕು ಸುಮ್ಮನಾದೆ. ಮಗಳಿಗೆ ಆಗ ಒಂಬತ್ತು, ಮಗನಿಗೆ ಐದು. ಜೊತೆಗೆ ಮೈಸೂರಿನಿಂದ ನಮ್ಮ ಅತ್ತೆಯವರು.

ಪಟ್ಟಿ ಮೊದಲು ಹರಿದದ್ದು ರಸ್ತೆಯಲ್ಲಿ. ಗುಂಡ್ಲುಪೇಟೆಯಲ್ಲಿ ಪೂರಿ ಸಾಗು, ಬಾದಾಮಿ ಹಾಲು ಹೊಟ್ಟೆ ತುಂಬ ಆಯಿತು. ಬಂಡೀಪುರ, ಮುದುಮಲೆ ಕಾಡು ದಾಟಿ ಗೂಡಲೂರಿನಿಂದ ನಡುವಟ್ಟಂ ಕಡೆಗೆ ಘಾಟಿ ಹತ್ತತೊಡಗಿದಾಗ ಮಕ್ಕಳಿಬ್ಬರೂ ಮೊಬೈಲಿನಲ್ಲಿ ಮುಳುಗಿದ್ದರು. ಗಲಾಟೆ ಇಲ್ಲವಲ್ಲ ಎಂದು ನಾವೂ ಖುಷಿಯಾಗಿದ್ದೆವು. ಆರೇಳು ತಿರುವು ಆಗುವಷ್ಟರಲ್ಲಿ ಒಬ್ಬರಾದ ಮೇಲೆ ಒಬ್ಬರು ವಾಂತಿ. ಉಳಿದ ದಾರಿಯೆಲ್ಲ ನಿಲ್ಲಿಸಿ, ತೊಳೆದು, ಒರೆಸಿ ಹೋಗುವುದರಲ್ಲೇ ಕಳೆಯಿತು. ಊಟಿ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಆದರೂ ನಾನು ಬಿಡಲಿಲ್ಲ. ಸುಸ್ತಾದ ಮಕ್ಕಳನ್ನು ಎಳೆದುಕೊಂಡು ಅದೇ ಸಂಜೆ ದೊಡ್ಡಬೆಟ್ಟಕ್ಕೆ ಹೋದೆವು. 2637 ಮೀಟರ್ ಎತ್ತರದ ಆ ಶಿಖರದ ಮೇಲೆ ಕೊರೆಯುವ ಗಾಳಿ. ನಮ್ಮ ಸ್ವೆಟರುಗಳೆಲ್ಲ ಪೆಟ್ಟಿಗೆಯ ತಳದಲ್ಲಿದ್ದವು. ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿ, ಕಾರು ಕೆಳಗೆ ನಿಲುಗಡೆಯಲ್ಲಿ.

ಚಳಿಯಲ್ಲಿ ನಡುಗಿಕೊಂಡು ವಸತಿಗೃಹಕ್ಕೆ ಬಂದೆವು. ಕೋಣೆಯಲ್ಲಿ ಬ್ರಿಟಿಷರ ಕಾಲದ ಹಾಗೆ ಗೋಡೆಯೊಳಗೆ ಒಂದು ಅಗ್ಗಿಷ್ಟಿಕೆ ಇತ್ತು. ಸೌದೆಗೆ ಬೇರೆ ದುಡ್ಡು ಕೊಟ್ಟು ಬೆಂಕಿ ಹಾಕಿಸಿದೆವು. ಸಿನಿಮಾದಲ್ಲಿ ನೋಡಿದ ಹಾಗೆ ಸುತ್ತ ಕೂತು ಫೋಟೋ ತೆಗೆದುಕೊಂಡೆವು. ಸೌದೆ ಹಸಿ. ಚಿಮಣಿ ಎಷ್ಟು ಕಾಲದಿಂದ ಶುಚಿ ಮಾಡಿರಲಿಲ್ಲವೋ, ಹೊಗೆ ಮೇಲಕ್ಕೆ ಹೋಗದೆ ಕೋಣೆಗೇ ಇಳಿಯುತ್ತಿತ್ತು. ಚಳಿ ಎಂದು ಕಿಟಕಿಗಳನ್ನು ಭದ್ರವಾಗಿ ಹಾಕಿಬಿಟ್ಟಿದ್ದೆವು.

ಹನ್ನೊಂದೂವರೆಯ ಹೊತ್ತಿಗೆ ಮಗ ಎದ್ದು ಕೂತ. ಎದೆಯಿಂದ ಸುಂಯ್ ಸುಂಯ್ ಎಂಬ ಶಬ್ದ. ಪಕ್ಕೆಲುಬುಗಳ ನಡುವಿನ ಚರ್ಮ ಉಸಿರಿಗೊಮ್ಮೆ ಒಳಕ್ಕೆ ಸೆಳೆಯುತ್ತಿತ್ತು. ಅವನಿಗೆ ಎರಡು ವರ್ಷದವನಿದ್ದಾಗಿನಿಂದ ಆಗಾಗ ಉಬ್ಬಸ ಬರುವುದುಂಟು. ಅದಕ್ಕೆ ವೈದ್ಯರು ಕೊಟ್ಟ ಪಂಪು ಮತ್ತು ಅದಕ್ಕೆ ಜೋಡಿಸುವ ಸ್ಪೇಸರ್ ನಮ್ಮ ಜೊತೆಗೇ ಇದ್ದವು. ಎಲ್ಲಿ? ಔಷಧಿ ಚೀಲದಲ್ಲಿ. ಔಷಧಿ ಚೀಲ ಕಾರಿನಲ್ಲಿ. ಕಾರಿನ ಕೀಲಿ ಚಾಲಕರ ಜೇಬಿನಲ್ಲಿ. ಅವರು ಮಲಗಲು ಹೋದದ್ದು ಊರಿನ ಇನ್ನೊಂದು ತುದಿಯಲ್ಲಿದ್ದ ತಮ್ಮ ಪರಿಚಯದವರ ಕೋಣೆಗೆ. ಫೋನು ಎತ್ತುತ್ತಿಲ್ಲ.

ವಸತಿಗೃಹದ ಕಾವಲಿನ ಹುಡುಗ ತನ್ನ ಮೋಟಾರ್ ಸೈಕಲ್ ತೆಗೆದುಕೊಂಡು ಅವರನ್ನು ಹುಡುಕಲು ಹೋದ. ಅತ್ತೆ ಒಂದೂ ಮಾತಾಡದೆ ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಶಾಲು ಹೊದಿಸಿ, ಹೊರಗಿನ ಜಗಲಿಗೆ ಕರೆದುಕೊಂಡು ಬಂದರು. "ಒಳಗೆ ಹೊಗೆ ಕಣಮ್ಮಾ, ಮೊದಲು ಆ ಬೆಂಕಿ ಆರಿಸು" ಎಂದರು. ವಿಜ್ಞಾನ ಓದಿದವಳು ನಾನು. ಹೊಗೆಗೂ ಉಬ್ಬಸಕ್ಕೂ ಏನು ಸಂಬಂಧ ಎಂಬುದರ ಮೇಲೆ ಕಾರ್ಯಕ್ರಮ ಮಾಡಿದವಳು. ಅದು ನನಗೆ ಹೊಳೆದಿರಲಿಲ್ಲ. ಪಂಪು ಕೈಗೆ ಬರಲು ನಲವತ್ತು ನಿಮಿಷ ಹಿಡಿಯಿತು. ವೈದ್ಯರು ಹೇಳಿಕೊಟ್ಟ ಪ್ರಕಾರ ಔಷಧಿ ಕೊಟ್ಟ ಮೇಲೆ ನಿಧಾನವಾಗಿ ಉಸಿರು ಸಡಿಲವಾಯಿತು. ಎರಡು ಗಂಟೆಗೆ ನಿದ್ದೆ ಹೋದ. ಒಂದು ವೇಳೆ ಔಷಧಿಗೂ ಜಗ್ಗದಿದ್ದರೆ ಎಲ್ಲಿಗೆ ಓಡುವುದು, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ನಾನು ವಿಚಾರಿಸಿರಲಿಲ್ಲ. ನನ್ನ ಪಟ್ಟಿಯಲ್ಲಿ ಎಂಟು ಜಾಗಗಳಿದ್ದವು, ಅದೊಂದು ಇರಲಿಲ್ಲ.

ಮರುದಿನ ಎಲ್ಲಿಗೂ ಹೋಗಲಿಲ್ಲ. ಜಗಲಿಯಲ್ಲಿ ಬಿಸಿಲಿಗೆ ಕೂತೆವು. ಮಧ್ಯಾಹ್ನ ಹುಡುಗನಿಗೆ ಹುಷಾರೆನಿಸಿದಾಗ ಸುಮ್ಮನೆ ಕೇತ್ತಿ ಕಣಿವೆಯ ಕಡೆ ಸ್ವಲ್ಪ ದೂರ ಹೋಗಿಬರೋಣ ಎಂದು ಹೊರಟೆವು. ದಾರಿಯಲ್ಲಿ ಒಂದು ಕಡೆ ಕ್ಯಾರೆಟ್ ತೊಳೆಯುತ್ತಿದ್ದರು. ಹೊಲದಿಂದ ಕಿತ್ತು ತಂದ, ಮಣ್ಣು ಮೆತ್ತಿದ ಗೆಡ್ಡೆಗಳನ್ನು ತಿರುಗುವ ಪೀಪಾಯಿಯೊಳಗೆ ಸುರಿದರೆ, ನೀರಿನ ರಭಸಕ್ಕೆ ಉರುಳುರುಳಿ ಕಿತ್ತಳೆ ಬಣ್ಣದ ರಾಶಿಯಾಗಿ ಹೊರಬರುತ್ತಿದ್ದವು. ಮಕ್ಕಳಿಬ್ಬರೂ ಮುಕ್ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ಕೆಲಸದ ಹೆಂಗಸೊಬ್ಬರು ಇಬ್ಬರ ಕೈಗೂ ಒಂದೊಂದು ಕ್ಯಾರೆಟ್ ಕೊಟ್ಟರು. ಆ ಪ್ರವಾಸದ ಬಗ್ಗೆ ಶಾಲೆಯಲ್ಲಿ ಪ್ರಬಂಧ ಬರೆಯಲು ಹೇಳಿದಾಗ ನನ್ನ ಮಗಳು ಬರೆದದ್ದು ಆ ಪೀಪಾಯಿಯ ಬಗ್ಗೆ. ದೊಡ್ಡಬೆಟ್ಟಕ್ಕೆ ಒಂದು ಸಾಲು ಸಿಕ್ಕಿತ್ತು: "ಅಲ್ಲಿ ತುಂಬಾ ಚಳಿ ಇತ್ತು, ಅಮ್ಮ ಬೇಗ ಬೇಗ ಅಂದರು."

ಇದಾದ ಮೇಲೆ 2025ರ ಏಪ್ರಿಲ್‌ನಲ್ಲಿ ನಾವು ಮತ್ತೆ ಹೋದೆವು. ಈ ಎರಡನೆಯ ಸಲಕ್ಕೆ ನಾನು ಮಾಡಿಕೊಂಡ ಸಿದ್ಧತೆಯನ್ನೇ ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಎತ್ತರದ ವಿಷಯ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಮೇಲಿದೆ. ಬೆಂಗಳೂರು 900 ಮೀಟರಿನ ಆಸುಪಾಸು, ಮೈಸೂರು ಅದಕ್ಕಿಂತ ತುಸು ಕೆಳಗೆ. ಒಂದು ಸಾವಿರ ಮೀಟರ್ ಹತ್ತಿದರೆ ಉಷ್ಣತೆ ಸರಾಸರಿ ಆರು, ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಮೈಸೂರಿನಿಂದ ಬೆಳಿಗ್ಗೆ ಹೊರಟ ಮಗು ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಹತ್ತು ಡಿಗ್ರಿ ಕಡಿಮೆ ಇರುವ ಗಾಳಿಗೆ ಬಂದಿಳಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಇನ್ನೂ ಕೆಳಗೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹಿಮಾಲಯದಲ್ಲಿ ಬರುವ ಎತ್ತರದ ಕಾಯಿಲೆ ಇಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಭಯಪಡಬೇಕಾಗಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಅಜ್ಜಿಗೆ ಏದುಸಿರು, ಓಡಾಡುವ ಮಗುವಿಗೆ ಬೇಗ ದಣಿವು, ಇವು ಸಹಜ. ಆದ್ದರಿಂದ ತಲುಪಿದ ದಿನ ಏನೂ ಇಟ್ಟುಕೊಳ್ಳಬೇಡಿ. ಬಿಸಿಬಿಸಿ ಊಟ, ಒಂದು ನಿದ್ದೆ, ಸಂಜೆ ಹತ್ತಿರದಲ್ಲೇ ಒಂದು ಸುತ್ತು. ಇನ್ನೊಂದು ಮಾತು. ಚಳಿ ಇದೆಯೆಂದು ಬಿಸಿಲು ಸೌಮ್ಯ ಎಂದುಕೊಳ್ಳುತ್ತೇವೆ. ಎತ್ತರಕ್ಕೆ ಹೋದಷ್ಟೂ ಅತಿನೇರಳೆ ಕಿರಣ ಹೆಚ್ಚು, ಸಾವಿರ ಮೀಟರಿಗೆ ಶೇಕಡಾ ಹತ್ತರಷ್ಟು ಎಂದು ಲೆಕ್ಕ. ಸ್ವೆಟರಿನ ಜೊತೆಗೆ ಟೋಪಿಯನ್ನೂ ಮರೆಯಬಾರದು.

ಬೆಂಕಿಯ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕು. ಗಿರಿನಗರಗಳಲ್ಲಿ ಕೋಣೆಯೊಳಗೆ ಇದ್ದಿಲಿನ ಕುಂಡ ತಂದಿಡುವ ಅಭ್ಯಾಸ ಕೆಲವು ಕಡೆ ಇದೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಬಹು ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮಲಗಿದವರು ಎಚ್ಚರಗೊಳ್ಳದೆ ಪ್ರಾಣ ಕಳೆದುಕೊಂಡ ಸುದ್ದಿಯನ್ನು ತಾವೂ ಪತ್ರಿಕೆಗಳಲ್ಲಿ ಓದಿದ್ದೀರಿ. ಸ್ನಾನದ ಮನೆಯೊಳಗೆ ಗಾಳಿಯಾಡದ ಹಾಗೆ ಕೂರಿಸಿದ ಗ್ಯಾಸ್ ಗೀಸರಿನ ಅಪಾಯವೂ ಇದೇ. ಕೋಣೆ ಗೊತ್ತು ಮಾಡುವಾಗಲೇ ಕೇಳಿ: ಹೆಚ್ಚು ಕಂಬಳಿ ಕೊಡುತ್ತೀರಾ, ವಿದ್ಯುತ್ ಹೀಟರ್ ಇದೆಯೆ, ನೀರು ಹೇಗೆ ಕಾಯುತ್ತದೆ? ನಾನು ಎರಡನೆಯ ಸಲ ಕೇಳಿದಾಗ ಫೋನಿನ ಆ ಕಡೆಯವರು ಸ್ವಲ್ಪ ಬೇಸರ ಪಟ್ಟುಕೊಂಡರು. ಪಟ್ಟುಕೊಳ್ಳಲಿ.

ಔಷಧಿ ಚೀಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಈಗ ನನ್ನ ಹೆಗಲಿನ ಮೇಲೇ ಇರುತ್ತದೆ, ಸ್ನಾನಕ್ಕೆ ಹೋಗುವಾಗ ಮಾತ್ರ ಗೂಟಕ್ಕೆ. ಹೊರಡುವ ವಾರದ ಮೊದಲೇ ಮಕ್ಕಳ ವೈದ್ಯರನ್ನು ಕಂಡು, ಚಳಿಯ ಊರಿಗೆ ಹೋಗುತ್ತಿದ್ದೇವೆ, ಏನಾದರೂ ಆದರೆ ಮೊದಲು ಯಾವುದು, ಆಮೇಲೆ ಯಾವುದು, ಯಾವ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡೆ. ಊರು ತಲುಪಿದ ಕೂಡಲೆ ರಾತ್ರಿ ತೆರೆದಿರುವ ಆಸ್ಪತ್ರೆಗೆ ದಾರಿ ಯಾವುದೆಂದು ನಮ್ಮ ಮನೆಯವರು ಒಮ್ಮೆ ನಡೆದೇ ನೋಡಿ ಬಂದರು. ನಾಲ್ಕು ದಿನದಲ್ಲಿ ಅದರ ಅಗತ್ಯ ಬೀಳಲಿಲ್ಲ.

ಇನ್ನು ಘಾಟಿಯ ವಾಂತಿ. ಇದಕ್ಕೆ ಕಾರಣ ಹೊಟ್ಟೆಯಲ್ಲ, ಕಿವಿ. ಒಳಕಿವಿಯಲ್ಲಿ ದೇಹದ ಚಲನೆಯನ್ನು ಅಳೆಯುವ ಪುಟ್ಟ ದ್ರವದ ನಳಿಕೆಗಳಿವೆ. ಕಾರು ಎಡಕ್ಕೂ ಬಲಕ್ಕೂ ತಿರುಗುವಾಗ ಅವು ಮಿದುಳಿಗೆ "ತಿರುಗುತ್ತಿದ್ದೇವೆ" ಎಂದು ಸುದ್ದಿ ಕಳಿಸುತ್ತವೆ. ಅದೇ ಹೊತ್ತಿಗೆ ಮೊಬೈಲಿನಲ್ಲೋ ಪುಸ್ತಕದಲ್ಲೋ ನೆಟ್ಟ ಕಣ್ಣು "ಎಲ್ಲ ಸ್ಥಿರವಾಗಿದೆ" ಎನ್ನುತ್ತದೆ. ಈ ಎರಡು ಸುದ್ದಿಗಳ ಜಗಳವೇ ತಲೆಸುತ್ತು, ವಾಂತಿ. ಎರಡರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಲ್ಲಿ ಇದು ಜಾಸ್ತಿ. ಈ ಸಲ ನಾವು ಗುಂಡ್ಲುಪೇಟೆಯಲ್ಲಿ ಎರಡೆರಡು ಇಡ್ಲಿಗೆ ನಿಲ್ಲಿಸಿದೆವು. ಮೊಬೈಲು ಚೀಲಕ್ಕೆ ಹೋಯಿತು. ಎದುರಿನ ರಸ್ತೆ ಕಾಣುವ ಹಾಗೆ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಕಿಟಕಿ ಒಂದಿಷ್ಟು ಇಳಿಸಿ, ತಿರುವುಗಳನ್ನು ಎಣಿಸುವ ಕೆಲಸ ಕೊಟ್ಟೆವು. ಎಣಿಕೆಯಲ್ಲಿ ಅಕ್ಕ ತಮ್ಮನಿಗೆ ಜಗಳವಾಯಿತು, ವಾಂತಿಯಾಗಲಿಲ್ಲ. ಕಿವಿ ಕಟ್ಟಿಕೊಂಡಾಗ ಗುಟುಕು ಗುಟುಕಾಗಿ ನೀರು ಕುಡಿದರೆ ಬಿಟ್ಟುಕೊಳ್ಳುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಮಕ್ಕಳಿಗೆ ಕೊಡುವುದಾದರೆ ವೈದ್ಯರನ್ನು ಕೇಳಿಯೇ ಕೊಡಿ. ಅದು ನಿದ್ದೆ ತರಿಸುತ್ತದೆ.

ರಸ್ತೆಯ ಕಾನೂನುಗಳು ಕೆಲವಿವೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಕೊನೆಯ ಗಳಿಗೆಯಲ್ಲಿ ಚೆಕ್‌ಪೋಸ್ಟಿಗೆ ಬಂದು ವಾದ ಮಾಡುವವರನ್ನು ನಾನೇ ಕಂಡಿದ್ದೇನೆ. ಆನೆ, ಜಿಂಕೆಗಳಿಗೆ ನೆಮ್ಮದಿ ಸಿಗುವುದು ಆ ಒಂಬತ್ತು ಗಂಟೆ ಮಾತ್ರ. ಕಾಡಿನಲ್ಲಿ ಕಾರು ನಿಲ್ಲಿಸುವುದು, ಕೋತಿಗಳಿಗೆ ಬಿಸ್ಕತ್ತು ಎಸೆಯುವುದು ತಪ್ಪು. ಮಗುವಿನ ಕೈಯಲ್ಲಿ ತಿಂಡಿ ಪೊಟ್ಟಣ ಇದ್ದರೆ ಕೋತಿ ಕೇಳಿ ತೆಗೆದುಕೊಳ್ಳುವುದಿಲ್ಲ. ಮುದುಮಲೆಯ ತೆಪ್ಪಕಾಡಿನಿಂದ ಮಸಿನಗುಡಿ, ಕಲ್ಹಟ್ಟಿ ಮೂಲಕ ಹತ್ತುವ ದಾರಿ ಹತ್ತಿರದ್ದು. ಆದರೆ ಅದರಲ್ಲಿ ಮೂವತ್ತಾರು ಕಡಿದಾದ ತಿರುವುಗಳಿವೆ, ಹೊರಗಿನ ವಾಹನಗಳಿಗೆ ನಿರ್ಬಂಧಗಳೂ ಉಂಟು. ಮಕ್ಕಳಿದ್ದರೆ ಗೂಡಲೂರಿನ ಸುತ್ತುದಾರಿಯೇ ಮೇಲು.

ನೀಲಗಿರಿ ಜಿಲ್ಲೆಗೆ ಹೋಗುವ ಹೊರಗಿನ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಪದ್ಧತಿ ಬಂತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ದಿನಕ್ಕೆ 6000, ವಾರದ ಕೊನೆಯ ದಿನಗಳಲ್ಲಿ 8000 ವಾಹನಗಳೆಂದು ಮಿತಿಯನ್ನೂ ಹಾಕಿದರು. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. "ನಮ್ಮ ದುಡ್ಡು, ನಮ್ಮ ಕಾರು, ಇವರ ಅಪ್ಪಣೆ ಯಾಕೆ?" ಎಂದು ನಮ್ಮ ಕ್ಯಾಂಟೀನಿನಲ್ಲೇ ಒಬ್ಬರು ಕೇಳಿದರು. ಆ ಊರಿನ ಬೀದಿಗಳನ್ನು ಮಾಡಿದ್ದು ಕುದುರೆಗೂ ಗಾಡಿಗೂ. 2022ರ ಮೇ ತಿಂಗಳಲ್ಲಿ ಸಸ್ಯೋದ್ಯಾನದ ಮುಂದಿನ ಒಂದೂವರೆ ಕಿಲೋಮೀಟರಿಗೆ ನಮಗೆ ಒಂದು ಗಂಟೆ ಬೇಕಾಗಿತ್ತು. ಅಲ್ಲಿನ ಮಕ್ಕಳು ಶಾಲೆಗೆ, ಅಲ್ಲಿನ ರೋಗಿಗಳು ಆಸ್ಪತ್ರೆಗೆ ಹೋಗುವುದೂ ಅದೇ ಬೀದಿಯಲ್ಲಿ. ನಮ್ಮ ಮನೆಯ ಆ ರಾತ್ರಿಯನ್ನು ನೆನೆದರೆ ನನಗೆ ಆ ಮಿತಿಯ ಮೇಲೆ ಸಿಟ್ಟು ಬರುವುದಿಲ್ಲ. ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೂ ನಿಷೇಧವಿದೆ. ನೀರಿನ ಬಾಟಲಿ ಕೂಡ ಅದರಲ್ಲಿ ಸೇರುತ್ತದೆ. ಸ್ಟೀಲ್ ಬಾಟಲಿ ಒಯ್ಯಿರಿ. ತುಂಬಿಸಿಕೊಳ್ಳಲು ಅಲ್ಲಲ್ಲಿ ನೀರಿನ ಯಂತ್ರಗಳಿವೆ.

ಯಾವಾಗ ಹೋಗಬೇಕು? ಮೇ ತಿಂಗಳಲ್ಲಿ ಪುಷ್ಪ ಪ್ರದರ್ಶನ, ಅದರ ಜೊತೆಗೆ ಜನಸಾಗರ. ಜೂನ್‌ನಿಂದ ಮುಂಗಾರು. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು, ಆಗ ಭೂಕುಸಿತವಾಗಿ ರೈಲು ನಿಲ್ಲುವುದೂ ಉಂಟು. ನಮ್ಮ ಕಡೆ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರಕ್ಕೆಲ್ಲ ರಜ ಬರುತ್ತದೆ. ಆಗಲೇ ಹೋಗಿಬಿಡುವುದು ಒಳ್ಳೆಯದು. ಶನಿವಾರ, ಭಾನುವಾರ ಬಿಟ್ಟು ಸೋಮವಾರ ಹೊರಟರೆ ಅರ್ಧ ತಲೆನೋವು ಕಡಿಮೆ.

ಎರಡನೆಯ ಸಲದ ಪಟ್ಟಿಯನ್ನು ನಾನು ಮಾಡಲಿಲ್ಲ. ನಾಲ್ಕು ದಿನ. ಮೊದಲ ದಿನ ದಾರಿಗೆ. ಉಳಿದ ಮೂರರಲ್ಲಿ ಒಂದು ಮಗನದು, ಒಂದು ಮಗಳದು, ಒಂದು ಅಜ್ಜಿಯದು. ದಿನಕ್ಕೆ ಒಂದೇ ಜಾಗ, ಅದೂ ಮಧ್ಯಾಹ್ನದೊಳಗೆ. ನಮ್ಮ ಮನೆಯವರು "ನಮಗೆ?" ಎಂದರು. ಅವರಿಗೆ ಸಂಜೆಗಳನ್ನು ಕೊಟ್ಟೆವು.

ಎಂಟು ವರ್ಷದವನಾಗಿದ್ದ ಮಗ ಆರಿಸಿದ್ದು ರೈಲು. ನೀಲಗಿರಿ ಬೆಟ್ಟದ ರೈಲು 1899ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ ಓಡಿತು, 1908ರಲ್ಲಿ ಊಟಿ ಮುಟ್ಟಿತು. 2005ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 46 ಕಿಲೋಮೀಟರ್ ಹಾದಿಯಲ್ಲಿ 326 ಮೀಟರಿನಿಂದ 2203 ಮೀಟರಿಗೆ ಏರುತ್ತದೆ. ಹದಿನಾರು ಸುರಂಗ, ಇನ್ನೂರೈವತ್ತು ಸೇತುವೆ. ಪೂರ್ತಿ ಹಾದಿ ಹತ್ತಲು ಐದು ಗಂಟೆಗೆ ಹತ್ತಿರ ಬೇಕು. ಇದನ್ನು ಪೂರಾ ಮಾಡಲೇಬೇಕೆಂಬ ಹಟ ನನ್ನ ಹಳೆಯ ಕಾಯಿಲೆ. ಮೈಸೂರಿನ ಕಡೆಯಿಂದ ಹೋಗುವವರಿಗೆ ಮೆಟ್ಟುಪಾಳ್ಯ ದಾರಿಯಲ್ಲಿ ಸಿಗುವುದೂ ಇಲ್ಲ. ಊಟಿಯಿಂದ ಕೂನೂರಿನ ತನಕ ಗಂಟೆಯೊಂದರ ಪ್ರಯಾಣ ಮಾಡಿದರೆ ಸಾಕು. ಲವ್‌ಡೇಲ್, ಕೇತ್ತಿ, ಅರುವಂಕಾಡು, ವೆಲ್ಲಿಂಗ್ಟನ್ ಎಂಬ ಪುಟ್ಟ ನಿಲ್ದಾಣಗಳು, ನಡುವೆ ಚಹಾ ತೋಟ. 1998ರ "ದಿಲ್ ಸೇ" ಚಿತ್ರದಲ್ಲಿ ರೈಲಿನ ಮೇಲೆ ಕುಣಿದ ಹಾಡು ಇದೇ ಹಾದಿಯಲ್ಲಿ ಚಿತ್ರಿಸಿದ್ದು. ಆ ಕ್ಯಾಮೆರಾ ತಂಡದ ಪಾಡನ್ನು ನೆನೆದು ನನಗೆ ಈಗಲೂ ಮೈ ನಡುಗುತ್ತದೆ. ಟಿಕೆಟ್ಟು ಮಾತ್ರ ಮುಂಗಡ ತೆರೆದ ದಿನವೇ ತೆಗೆದಿಟ್ಟುಕೊಳ್ಳಬೇಕು.

ಹಲ್ಲಿನ ಹಳಿ ಇರುವುದು ಕೂನೂರಿನಿಂದ ಕೆಳಗೆ ಕಲ್ಲಾರಿನ ತನಕ. ಹನ್ನೆರಡು ಅಡಿಗೆ ಒಂದಡಿಯಷ್ಟು ಏರು ಇರುವ ಕಡೆ ನುಣುಪು ಚಕ್ರ ಜಾರುತ್ತದೆ. ಅದಕ್ಕೆ ಎರಡು ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಹತ್ತುವ ಹಾಗೆ ಮಾಡಿದ್ದಾರೆ. ಹತ್ತುವಾಗ ಎಂಜಿನ್ ಮುಂದೆ ಇರುವುದಿಲ್ಲ, ಹಿಂದಿನಿಂದ ದಬ್ಬುತ್ತದೆ. ಕೂನೂರಿನ ನಿಲ್ದಾಣದಲ್ಲಿ ಕಾದಿದ್ದು, ಮೆಟ್ಟುಪಾಳ್ಯದಿಂದ ಉಗಿಬಂಡಿ ಬರುವುದನ್ನು ನೋಡಿದೆವು. ಹುಡುಗ ಮಾತಾಡಲಿಲ್ಲ. ಎಂಜಿನ್ನಿಗೆ ನೀರು ತುಂಬುವುದನ್ನು, ಚಾಲಕರು ಎಣ್ಣೆ ಹಾಕುವುದನ್ನು ನೋಡುತ್ತ ನಿಂತ. ಸ್ವಲ್ಪ ಹೊತ್ತಾದ ಮೇಲೆ, "ಇದಕ್ಕೂ ನನ್ನ ಹಾಗೇ ಉಸಿರು ಕಟ್ಟತ್ತಾ ಅಮ್ಮಾ?" ಎಂದ. ಹೊಗೆ ನಮ್ಮ ಕಡೆ ತಿರುಗಿದಾಗ ಅವನೇ ಎದ್ದು ಗಾಳಿಯ ಇನ್ನೊಂದು ಬದಿಗೆ ಹೋಗಿ ನಿಂತ. ನಾನು ಹೇಳಿರಲಿಲ್ಲ.

ಮಗಳದು ಬೇರೆ ಆಸೆ. ಊಟಿಯ ಹೊರಗೆ ಮುತ್ತೊರೈ ಎಂಬಲ್ಲಿ 1970ರಲ್ಲಿ ಕಟ್ಟಿ ಮುಗಿಸಿದ ರೇಡಿಯೋ ದೂರದರ್ಶಕವಿದೆ. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಕಟ್ಟಿದ್ದು. ಉದ್ದ 530 ಮೀಟರ್, ಅಗಲ 30 ಮೀಟರ್. ಅದನ್ನು ಈ ಬೆಟ್ಟಕ್ಕೆ ತಂದದ್ದೇಕೆ? ಊಟಿ ಇರುವುದು ಸುಮಾರು 11 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಷ್ಟೇ 11 ಡಿಗ್ರಿ ಓರೆ ಇರುವ, ಉತ್ತರ ದಕ್ಷಿಣವಾಗಿ ಚಾಚಿದ ಒಂದು ಬೆಟ್ಟದ ಇಳಿಜಾರನ್ನು ಹುಡುಕಿ ಅದರ ಮೇಲೆ ಈ ಆಂಟೆನಾವನ್ನು ಮಲಗಿಸಿದರು. ಆಗ ಅದರ ಅಚ್ಚು ಭೂಮಿ ತಿರುಗುವ ಅಚ್ಚಿಗೆ ತಾನೇ ಸಮಾನಾಂತರವಾಯಿತು. ಒಂದೇ ಅಚ್ಚಿನ ಮೇಲೆ ತಿರುಗಿಸುತ್ತ ಹೋದರೆ ಆಕಾಶದ ಒಂದೇ ಬಿಂದುವನ್ನು ಒಂಬತ್ತು ಗಂಟೆಗಿಂತ ಹೆಚ್ಚು ಹೊತ್ತು ಹಿಂಬಾಲಿಸಬಹುದು. ಒಳಗೆ ಹೋಗಲು ಅನುಮತಿ ಬೇಕು. ನಾವು ಎದುರುಬದಿಯ ದಾರಿಯಲ್ಲಿ ನಿಂತು ನೋಡಿದೆವು. ಬೆಟ್ಟಕ್ಕೆ ಒರಗಿದ ಏಣಿಯ ಹಾಗೆ ಕಂಡಿತು. ಮಗಳು ತನ್ನ ಶಾಲೆಯ ಕೋನಮಾಪಕಕ್ಕೆ ದಾರ ಕಟ್ಟಿ, ದಾರಕ್ಕೊಂದು ಕೀಲಿ ತೂಗಿಬಿಟ್ಟು ಇಳಿಜಾರನ್ನು ಅಳೆದಳು. ಹದಿಮೂರು ಬಂತು. ಎರಡು ಡಿಗ್ರಿ ಯಾರದು ತಪ್ಪು ಎಂದು ರಾತ್ರಿಯವರೆಗೂ ಚರ್ಚೆ.

ಅಜ್ಜಿಯ ದಿನ ಸಸ್ಯೋದ್ಯಾನಕ್ಕೆ. 1848ರ ಕಾಲದ್ದು, ಐವತ್ತೈದು ಎಕರೆ. ಗಡಿಬಿಡಿಯಿಲ್ಲದೆ ಹೋದರೆ ಮುದುಕರಿಗೂ ಮಕ್ಕಳಿಗೂ ಒಟ್ಟಿಗೆ ಹೊಂದುವ ಜಾಗ ಇದೊಂದೇ ಎಂದು ನನ್ನ ಅಭಿಪ್ರಾಯ. ಕೆಳಗಿನ ಹುಲ್ಲುಹಾಸಿನಲ್ಲಿ ಅಜ್ಜಿ ಕೂರಬಹುದು, ಮೇಲಿನ ಮೆಟ್ಟಿಲು ತೋಟಗಳಲ್ಲಿ ಮಕ್ಕಳು ಓಡಬಹುದು, ಕಣ್ಣಿಗೆ ಕಾಣುತ್ತಿರುತ್ತಾರೆ. ಎರಡು ಕೋಟಿ ವರ್ಷದ ಹಿಂದಿನ ಮರದ ಕಾಂಡ ಕಲ್ಲಾಗಿ ಬಿದ್ದಿರುವುದನ್ನು ಅಲ್ಲಿ ಇಟ್ಟಿದ್ದಾರೆ. ಹುಲ್ಲಿನ ಮೇಲೆ ಅತ್ತೆಯ ಪಕ್ಕಕ್ಕೆ ಒಬ್ಬ ವಯಸ್ಸಾದ ಹೆಂಗಸು ಬಂದು ಕೂತರು. ಬಿಳಿ ಸೀರೆ, ತಲೆಗೆ ಬಿಳಿ ಬಟ್ಟೆ. ಬಡಗರ ಹಳ್ಳಿಯವರು. ಬಡಗ ಭಾಷೆ ಕನ್ನಡಕ್ಕೆ ಬಹಳ ಹತ್ತಿರದ ಭಾಷೆ. ಬಡಗಣ ದಿಕ್ಕಿನಿಂದ ಬಂದವರೆಂದೇ ಅವರಿಗೆ ಆ ಹೆಸರು. ದೊಡ್ಡಬೆಟ್ಟ ಎಂಬ ಹೆಸರು ನಮಗೆ ಅರ್ಥ ಕೇಳದೆ ತಿಳಿಯುವುದೂ ಇದರಿಂದಲೇ. ಅತ್ತೆ ಮೈಸೂರು ಕನ್ನಡದಲ್ಲಿ, ಆಕೆ ಬಡಗದಲ್ಲಿ, ಒಂದು ಗಂಟೆ ಮೊಣಕಾಲು ನೋವಿನ ವಿಷಯ ಮಾತಾಡಿದರು. ಅರ್ಧ ಅರ್ಥವಾಗಿರಬಹುದು. ಮೊದಲ ಸಲ ಇದೇ ತೋಟದಲ್ಲಿ ಅತ್ತೆಯನ್ನು ನಾನು "ಬೇಗ ಬನ್ನಿ ಅತ್ತೆ" ಎಂದು ಎಷ್ಟು ಸಲ ಕರೆದಿದ್ದೆನೋ ಲೆಕ್ಕವಿಲ್ಲ.

ಕೊನೆಗೆ ಒಂದು ಪುಟ್ಟ ಪ್ರಯೋಗದ ವಿಷಯ ಹೇಳಿ ಮುಗಿಸುತ್ತೇನೆ. ಪ್ರಯೋಗಶಾಲೆಯ ಸಾಮಾನು ಮಾರುವ ಅಂಗಡಿಯಲ್ಲಿ 110 ಡಿಗ್ರಿಯವರೆಗೆ ತೋರಿಸುವ, ಕೆಂಪು ದ್ರವದ ಉಷ್ಣಮಾಪಕ ಸಿಗುತ್ತದೆ. ಪಾದರಸದ್ದು ಬೇಡ, ಒಡೆದರೆ ಅಪಾಯ. ಮೈಸೂರಿನಲ್ಲಿ ಅತ್ತೆಯ ಅಡಿಗೆಮನೆಯಲ್ಲಿ ಕುದಿಯುವ ನೀರಿಗೆ ಹಿಡಿದಾಗ 97 ತೋರಿಸಿತ್ತು. ಊಟಿಯಲ್ಲಿ ವಸತಿಗೃಹದ ಅಡಿಗೆಯವರನ್ನು ಕೇಳಿಕೊಂಡು, ಅವರ ಒಲೆಯ ಮೇಲೆ, ನಾನೇ ಹಿಡಿದು ತೋರಿಸಿದೆ. ಕೊತಕೊತ ಕುದಿಯುತ್ತಿದೆ, 93ಕ್ಕೆ ನಿಂತಿದೆ. ಮೇಲಿನ ಗಾಳಿಯ ಭಾರ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿಯಾಗುವುದಿಲ್ಲ, ಅದಕ್ಕೇ ಇಲ್ಲಿ ಬೇಳೆ ಬೇಯಲು ಕುಕ್ಕರೇ ಬೇಕು ಎಂದು ವಿವರಿಸಿದೆ. ಮಗಳು ಪುಸ್ತಕದಲ್ಲಿ ಎರಡು ಅಂಕಿಗಳನ್ನೂ ಬರೆದುಕೊಂಡಳು. ಮಗ ಸ್ವಲ್ಪ ಯೋಚಿಸಿ, "ಹಾಗಾದ್ರೆ ಇಲ್ಲಿ ಕುದಿಯೋ ನೀರು ಬಿದ್ರೆ ಕಡಿಮೆ ಸುಡತ್ತೆ ಅಲ್ವಾ?" ಎಂದ. ನಾನು ಉತ್ತರ ಹುಡುಕುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಅವನ ಅಜ್ಜಿ, "ಅದನ್ನ ಮಾತ್ರ ಪ್ರಯೋಗ ಮಾಡ್ಬೇಡ ಕಂದಾ, ಬಾ, ಸ್ವೆಟರ್ ಹಾಕ್ಕೋ" ಎಂದು ಅವನನ್ನು ಕರೆದುಕೊಂಡು ಹೋದರು.